ಎರಡನೆಯ ಫೋನು

ಎರಡನೆಯ ಫೋನು ನಡುಗಿತು.

ತಗ್ಗು ಮೇಜಿನ ಮೇಲೆ ನಾಲ್ಕು ಹಳೆಯ ಫೋನುಗಳು ಸಾಲಾಗಿದ್ದವು. ಒಂದೊಂದರ ಬೆನ್ನಿಗೂ ಒಂದೊಂದು ಮನೆಯ ಹೆಸರಿನ ಚೀಟಿ. ನಡುಗಿದ್ದು ಮಗುಚಿಬಿದ್ದ ಜೀರುಂಡೆಯಂತೆ ಗರ್ರೆಂದು ಸುತ್ತುತ್ತಾ ಹೋಗಿ ಕಿತ್ತಳೆ ಸಿಪ್ಪೆಯ ಗುಡ್ಡೆಗೆ ತಗುಲಿ ನಿಂತಿತು.

ಶಿವಾನಂದ ಬಲಗೈ ಚಾಚಿದ. ಆ ಕೈಯಲ್ಲಿ ಮೂರು ಬೆರಳುಗಳಿದ್ದವು.

"ತಾಳಿ," ಎಂದಳು ನಿರುಪಮಾ. "ಇನ್ನೂ ಸ್ವಲ್ಪ ಹೊಡ್ಕೊಳ್ಳಲಿ. ನಾವು ಕಾಯ್ತಾ ಕೂತಿದ್ವಿ ಅಂತ ಗೊತ್ತಾಗ್ಬಾರ್ದು."

"ಯಾರ ಚೀಟಿ ಅದು?" ಅಡುಗೆಮನೆಯ ಬಾಗಿಲಲ್ಲಿ ಶಿವಾನಂದನ ಹೆಂಡತಿ ಲಾಸ್ಯಾ, ಕೈಯಲ್ಲಿ ಒದ್ದೆ ಲೋಟ.

"ಆಮೇಲೆ."

ಶಿವಾನಂದ ಸ್ಪೀಕರ್ ಒತ್ತಿದ.

"ಶಿವಾನಂದ ಸಾಮಾ?" ಹೆಂಗಸಿನ ದನಿ. ಇಂಗ್ಲಿಷು, ಅದರ ಮೇಲೆ ತೆಳುವಾಗಿ ಸವರಿದ ಜಪಾನಿ ವಿನಯ. "ಸುಮಿಮಾಸೆನ್, ಕೆಲಸದ ಹೊತ್ತಿನಲ್ಲಿ ತೊಂದರೆ ಕೊಡುತ್ತಿದ್ದೇನೆ. ಸೇವೆಯ ಗುಣಮಟ್ಟಕ್ಕಾಗಿ ಈ ಕರೆ ರೆಕಾರ್ಡ್ ಆಗುತ್ತದೆ. ನಾವು ಅಪಘಾತ ಪರಿಹಾರದ ಸಲಹಾ ಕೇಂದ್ರದವರು."

"ಹೋದ ವಾರ ಬೇರೆ ಹೆಸರು ಹೇಳಿದ್ರಿ."

"ಅದು ಬೇರೆಯವರು ಇರಬೇಕು ಸರ್. ನಾವು ಹೊಸಬರು."

ಲಾಸ್ಯಾ ಲೋಟದಿಂದ ಬಾಯಿ ಮುಚ್ಚಿಕೊಂಡಳು. ಇದು ಐದನೆಯ ಸಂಸ್ಥೆ. ಐದೂ ಹೊಸಬರೇ.

"ಕಾರ್ಖಾನೆಯಿಂದ ನಿಮಗೆ ಪರಿಹಾರ ಬಂದಿದೆ. ಅದು ಬಹಳ ಕಡಿಮೆಯಾಯಿತು ಎಂಬುದೂ ನಮಗೆ ಗೊತ್ತು. ಸ್ವಲ್ಪ ಫೀಸು ಕಟ್ಟಿದರೆ ಕೇಸನ್ನು ಮತ್ತೆ ತೆರೆಸಿ, ನಿಮಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಪೂರ್ತಿ ಕೊಡಿಸುತ್ತೇವೆ."

ಶಿವಾನಂದ ಫೋನಿನ ಕೆಂಪು ಗುರುತಿನತ್ತ ಬೆರಳು ಒಯ್ದ. ನಿರುಪಮಾ ಬೇಗನೆ ಒಂದು ಚೀಟಿಯಲ್ಲಿ ಬರೆದು ಅವನ ಮುಂದೆ ತಳ್ಳಿದಳು. 'ಮಾತಾಡ್ತಾ ಇರಿ.' ಎಷ್ಟು ಹೊತ್ತು ಮಾತಾಡಿಸಿದರೆ ಅಷ್ಟು ಸುಳಿವು. ಇದು ಅವಳ ಹಳೆಯ ನಿಯಮ, ಈವರೆಗೆ ಕೈಕೊಟ್ಟಿರಲಿಲ್ಲ.

"ಕಡಿಮೆ ಅಂತ ನಿಮಗೆ ಯಾರು ಹೇಳಿದ್ರು?" ಎಂದ ಶಿವಾನಂದ.

"ಎಲ್ಲ ವಿದೇಶಿಯರಿಗೂ ಹೀಗೇ ಆಗುತ್ತದೆ ಸರ್. ಭಾಷೆ ಬರುವುದಿಲ್ಲ, ಕಾನೂನು ಗೊತ್ತಿಲ್ಲ. ಏನು ಕೊಟ್ಟರೂ ತಲೆಬಾಗಿ ತೆಗೆದುಕೊಳ್ಳುತ್ತಾರೆ. ಪಾಪ, ನಿಮ್ಮನ್ನೂ..."

"ಪಾಪ ಅಂತೀರಾ?" ಶಿವಾನಂದ ನೆಟ್ಟಗೆ ಕೂತ. "ಲಾಯರ್ ಇಟ್ಕೊಳ್ದೆ, ನಾನೇ ಒಬ್ನೇ ಎದುರು ಕೂತು, ಜಪಾನೀಸಲ್ಲೇ ವಾದ ಮಾಡಿ ತಗೊಂಡಿದ್ದು ಅದು. ಪ್ರೆಸ್ಸಿನ ಸೆನ್ಸರ್ ಯಾರು ಆಫ್ ಮಾಡಿದ್ರು ಅಂತ ಅವರ ಕೈಯಲ್ಲೇ ಬರೆಸಿದ್ದೀನಿ. ಕಾರ್ಖಾನೆ ಮುಖ್ಯಸ್ಥ ನನ್ನ ಮುಂದೆ ಸೊಂಟ ಬಗ್ಗಿಸಿ ನಿಂತಿದ್ದ, ಗೊತ್ತಾ ನಿಮಗೆ? ನನಗೆ ಯಾರೂ ಮೋಸ ಮಾಡಿಲ್ಲ!"

ಅತ್ತ ಕಡೆ ಕೀಬೋರ್ಡಿನ ಸದ್ದು. ಆಮೇಲೆ ಅದೂ ನಿಂತಿತು.

"ಖಂಡಿತ ಸರ್," ಎಂದಿತು ದನಿ, ಮೊದಲಿಗಿಂತ ಮೆತ್ತಗೆ. "ಈಗಲೇ ಏನೂ ತೀರ್ಮಾನ ಮಾಡಬೇಡಿ. ಒಂದು ಕಾಫಿ ಕುಡಿಯಿರಿ. ಆಮೇಲೆ ನೋಡೋಣ."

ಕರೆ ಕಡಿದುಹೋಯಿತು.

ಆ ಕೊನೆಯ ಮಾತು ಕೇಳಿ ನಿರುಪಮಾಳಿಗೆ ಯಾಕೋ ಹಿತವೆನಿಸಿತು, ಹೊರಗಿನ ಚಳಿಯಿಂದ ಮನೆಯೊಳಗೆ ಕಾಲಿಟ್ಟಂತೆ. ಯಾಕೆಂದು ಯೋಚಿಸುವ ಪುರಸೊತ್ತಿರಲಿಲ್ಲ. ಅವಳು ಗೆದ್ದಿದ್ದಳು. ಫೋನನ್ನು ತಿರುಗಿಸಿ ಚೀಟಿ ತೋರಿಸಿದಳು.

ಚಂದ್ರಮೋಹನ್.

"ಸಾಧ್ಯಾನೇ ಇಲ್ಲ," ಎಂದ ಶಿವಾನಂದ.

"ಬಲೆ ಸುಳ್ಳು ಹೇಳಲ್ಲ."

"ರೀ ನಿರುಪಮಾ, ನಾವು ಒಕಾಜಾಕಿಗೆ ಬಂದ ಮೊದಲ ವಾರ ಅಕ್ಕಿ ಬೇಳೆ ಮೂಟೆ ಹೊತ್ಕೊಂಡು ಟ್ರೇನಲ್ಲಿ ಬಂದಿದ್ರು ಅವರು. ನಗೋಯಾದಿಂದ. ಮೊಣಕಾಲು ನೋವಿಟ್ಕೊಂಡು."

"ಅದಕ್ಕೇ ಅವರ ಮೇಲೆ ಯಾರಿಗೂ ಅನುಮಾನ ಬಂದಿಲ್ಲ," ಎಂದಳು ನಿರುಪಮಾ. ಹಿಂದಿನ ದವಡೆಯ ಹಲ್ಲಿನ ಸಂದಿಯಲ್ಲಿ ಬೆಳಗಿನಿಂದ ಏನೋ ನಾರು ಸಿಕ್ಕಿಕೊಂಡಿತ್ತು. ಮಾತಿನ ನಡುವೆ ನಾಲಿಗೆ ತಾನೇ ಅತ್ತ ಹೋಗುತ್ತಿತ್ತು.

ನಗೋಯಾದ ಕಂಪನಿಯೊಂದರಲ್ಲಿ ಮೊಬೈಲ್ ಆ್ಯಪ್‌ಗಳ ತಪ್ಪು ಹುಡುಕುವುದು ಅವಳ ಕೆಲಸ. ಜನರ ತಪ್ಪು ಹುಡುಕುವುದು ಹವ್ಯಾಸ ಎಂದು ಗಂಡ ಮಧುಕರ ಗೆಳೆಯರೆದುರು ಹೇಳಿ ನಗುತ್ತಿದ್ದ. ಕನ್ನಡ ಬಳಗದ ಎರಡು ಮೂರು ಮನೆಗಳ ಸಿಕ್ಕು ಬಿಡಿಸಿದ ಮೇಲೆ ಜನ ಅವಳಿಗೇ ಫೋನ್ ಮಾಡತೊಡಗಿದ್ದರು. ಆಮೇಲೆ ಮಧುಕರನೂ ನಗುವುದನ್ನು ಬಿಟ್ಟು, ನಮ್ಮ ನಿರುಪಮಾ ಹಿಡಿದ್ರೆ ಬಿಡಲ್ಲ ಎನ್ನುತ್ತಿದ್ದ.

ಈ ಸಲದ ಸಿಕ್ಕು ದೊಡ್ಡದು. ಶಿವಾನಂದನ ಕೈಯನ್ನು ಪ್ರೆಸ್ ಯಂತ್ರ ಕಚ್ಚಿದಾಗ ಕಾರ್ಖಾನೆಯವರು ಮೊದಲು ಬರೆದುಕೊಂಡದ್ದು 'ಎಂಜಿನಿಯರನ ಅಜಾಗ್ರತೆ' ಎಂದು. ಆ ಎರಡು ಪದಗಳನ್ನು ಅಳಿಸಿಹಾಕಲು ಅವನು ವರ್ಷವಿಡೀ ಹೋರಾಡಿದ. ಡಿಸೆಂಬರಿನಲ್ಲಿ ಒಪ್ಪಂದವಾಯಿತು. ಪರಿಹಾರ, ಕ್ಷಮಾಪಣೆ, ತಪ್ಪು ನಮ್ಮದೇ ಎಂಬ ಲಿಖಿತ ಮಾತು. ಅದಕ್ಕೊಂದೇ ಷರತ್ತು: ಇದನ್ನು ಹೊರಗೆ ಯಾರಿಗೂ ಹೇಳಬಾರದು. ಹೇಳಿದರೆ ಒಪ್ಪಂದ ರದ್ದು, 'ಅಜಾಗ್ರತೆ' ಮತ್ತೆ ದಾಖಲೆಗೆ ಬರುತ್ತದೆ. ಯಂತ್ರವನ್ನೇ ಕಟ್ಟಿ ನಿಲ್ಲಿಸಿದ ಎಂಜಿನಿಯರನಿಗೆ ಅಜಾಗರೂಕನೆಂಬ ಹೆಸರು ಬಂದರೆ ಜಪಾನಿನಲ್ಲಿ ಯಾವ ಕಾರ್ಖಾನೆಯೂ ಗೇಟು ತೆರೆಯುವುದಿಲ್ಲ.

ಈಗ ಕಾರ್ಖಾನೆಯ ವಕೀಲ ಹಿರಾಬಾಯಾಶಿ ಸೆನ್ಸೇ ಕರೆ ಕಳಿಸಿದ್ದರು. 'ಹೊರಗಿನವರಿಗೆ ವಿಷಯ ಗೊತ್ತಾಗಿರುವುದು ನಮ್ಮ ಗಮನಕ್ಕೆ ಬಂದಿದೆ. ಶುಕ್ರವಾರ ಬೆಳಿಗ್ಗೆ ಬಂದು ವಿವರಣೆ ಕೊಡಿ.' ಶುಕ್ರವಾರವೆಂದರೆ ನಾಳೆ.

"ನಾನು ಯಾರಿಗೂ ಹೇಳಿಲ್ಲ," ಎಂದು ಶಿವಾನಂದ ಮೊದಲ ದಿನ ಎದೆ ತಟ್ಟಿಕೊಂಡಿದ್ದ. "ಅಪ್ಪ ಅಮ್ಮಂಗೂ ಹೇಳಿಲ್ಲ."

"ದೇವ್ರಿಗೆ?" ಎಂದು ಕೇಳಿದ್ದಳು ನಿರುಪಮಾ.

ದೇವರಿಗೆ ಹೇಳಿದ್ದ. ಸಂಕ್ರಾಂತಿ ಕಳೆದ ಮೇಲೆ ಜೂಮ್‌ನಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದಾಗ, ಸಂಕಲ್ಪಕ್ಕೆ ಕಾರಣವೇನೆಂದು ಮೈಸೂರಿನ ಪುರೋಹಿತರು ಅಶ್ವತ್ಥ ಭಟ್ಟರು ಮುಂಚಿತವಾಗಿಯೇ ಕೇಳಿದ್ದರು. ದೇವರೆದುರು ಮುಚ್ಚುಮರೆ ಯಾಕೆಂದು ಇವನು ಪೂಜೆಗೆ ಮೊದಲೇ ಅವರಿಗೆ ಮೆಸೇಜು ಹಾಕಿದ್ದ. ಭಟ್ಟರು ಪೂಜೆಯಲ್ಲಿ ಗೋತ್ರ ನಕ್ಷತ್ರಗಳ ಬೆನ್ನಿಗೇ ಗಂಟೆ ಹೊಡೆದಂತೆ ಹೇಳಿಬಿಟ್ಟರು: ಯಂತ್ರಾಘಾತ ಪರಿಹಾರ ಧನಪ್ರಾಪ್ತಿ ನಿಮಿತ್ತ.

"ಸಂಸ್ಕೃತದಲ್ಲಿ ಅಲ್ವೇನ್ರೀ ಹೇಳಿದ್ದು? ಯಾರು ಕಿವಿಗೊಟ್ಟು ಕೇಳ್ತಾರೆ ಅಂದ್ಕೊಂಡೆ."

"ಪರಿಹಾರ ಸಂಸ್ಕೃತದಲ್ಲೂ ಪರಿಹಾರಾನೇ ಶಿವಾನಂದ್."

ಅಂದು ಪರದೆಯ ಮೇಲಿದ್ದದ್ದು ನಾಲ್ಕು ಮನೆಗಳು. ಹಿರೋಷಿಮಾದಲ್ಲಿ ಓದುತ್ತಿರುವ ಸಂಜನಾ, ಫುಕುವೋಕಾದ ಉಮಾಶಂಕರ್, ಅದೇ ಕಾರ್ಖಾನೆಯ ಸಂತೋಷ, ನಗೋಯಾದ ಚಂದ್ರಮೋಹನ್ ದಂಪತಿ. ಲಿಂಕು, ಮ್ಯೂಟು, ಮಂಗಳಾರತಿಯ ಹಾಡು ಎಲ್ಲ ಮಧುಕರನ ಉಸ್ತುವಾರಿ. ಆ ವಾರದಿಂದಲೇ ಕರೆಗಳು ಶುರುವಾದವು.

ನಿರುಪಮಾ ಹೂಡಿದ ಬಲೆ ಸರಳವಾಗಿತ್ತು. ಶಿವಾನಂದ ನಂಬರು ಬದಲಿಸಿದ. ಕರೆಗಳು ನಿಂತವು. ಲಾಸ್ಯಾ ಮನೆಮಟ್ಟಿಗೆ ಇನ್ನೊಮ್ಮೆ ಪೂಜೆ ಮಾಡಿ, ನಾಲ್ಕೂ ಮನೆಗೆ ಕೂಲ್ ಕೊರಿಯರ್‌ನಲ್ಲಿ ಪ್ರಸಾದ ಕಳಿಸಿದಳು. ಡಬ್ಬಿಯ ಮೇಲಿನ ಚೀಟಿಯಲ್ಲಿ ಕಳಿಸುವವರ ಫೋನ್ ನಂಬರು ಬರೆಯಲೇಬೇಕಲ್ಲ? ನಿರುಪಮಾ ನಾಲ್ಕು ಡಬ್ಬಿಗೂ ಬೇರೆ ಬೇರೆ ನಂಬರು ಬರೆದಳು, ಅವಳ ಆಫೀಸಿನ ನಾಲ್ಕು ಟೆಸ್ಟಿಂಗ್ ಫೋನುಗಳದ್ದು. ಯಾವುದು ಬಡಿದುಕೊಳ್ಳುತ್ತದೋ ಆ ಮನೆಯೇ ಕಳ್ಳ. ಈ ಏರ್ಪಾಡು ಇಲ್ಲಿ ಕೂತ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಉಪ್ಪಿಟ್ಟಾದ್ರೂ ತಿಂದು ಹೊರಡಿ ಅಕ್ಕಾ," ಎಂದಳು ಲಾಸ್ಯಾ.

"ಬೇಡ ಕಣೇ. ಮಧು ಬೆಳಿಗ್ಗೆ ಸಜ್ಜಿಗೆ ಕೊಟ್ಟಿದ್ದ, ಹೊಟ್ಟೆ ಭಾರ ಇದೆ."

"ಅವರು ಅಡುಗೆ ಮಾಡ್ತಾರಾ?"

"ಈ ಒಂದು ವರ್ಷದಲ್ಲಿ ಕಲ್ತಿದ್ದಾನೆ," ಎಂದಳು ನಿರುಪಮಾ, ಹೆಮ್ಮೆ ಬಚ್ಚಿಡದೆ. ಹೋದ ಬೇಸಿಗೆಯಲ್ಲಿ ಮಧುಕರನ ಪ್ರಾಜೆಕ್ಟು ಮುಚ್ಚಿತ್ತು. ಜೊತೆಗಿದ್ದವರೆಲ್ಲ ವಿಶೇಷ ವಿಮಾನ ಹತ್ತಿ ಊರಿಗೆ ಹೋದರು. ಇವನು ಮಾತ್ರ ಎರಡೇ ವಾರದಲ್ಲಿ ಇನ್ನೊಂದು ಕೆಲಸ ಹಿಡಿದ, ಮನೆಯಿಂದಲೇ, ಇಂಗ್ಲಿಷ್ ಕಸ್ಟಮರ್ ಸಪೋರ್ಟು. ಇದನ್ನು ಅವಳು ಬಳಗದಲ್ಲಿ ಹೇಳದ ಮನೆ ಇರಲಿಲ್ಲ.

*

ನಗೋಯಾದ ಚಿಕುಸಾ ಸ್ಟೇಷನ್ನಿನಿಂದ ಚಂದ್ರಮೋಹನ್ ಅವರ ಮನೆಗೆ ನಡೆಯುವಾಗ ಶಿವಾನಂದ ಎರಡು ಸಲ ನಿಂತ. ಒಮ್ಮೆ ಮಾಸ್ಕ್ ಸರಿಮಾಡಿಕೊಳ್ಳಲು. ಇನ್ನೊಮ್ಮೆ ಕೊಂಬಿನಿ ಅಂಗಡಿಯ ಮುಂದೆ, ಸುಮ್ಮನೆ.

"ಬರಿಗೈಲಿ ಹೋಗೋದಾ? ಹಣ್ಣಾದ್ರೂ ತಗೊಳ್ಳೋಣ."

"ನಾವು ಊಟಕ್ಕೆ ಹೋಗ್ತಿಲ್ಲ," ಎಂದಳು ನಿರುಪಮಾ.

ಬಾಗಿಲು ತೆರೆದವರು ಚಂದ್ರಮೋಹನ್ ಅವರೇ. ಇಪ್ಪತ್ತೆಂಟು ವರ್ಷದಿಂದ ಜಪಾನಿನಲ್ಲಿರುವವರು, ಬಳಗಕ್ಕೆ ಹಿರಿಯರು. ಅವರ ಮನೆಯಿಂದ ಕಾಫಿ ಕುಡಿಯದೆ ಯಾರೂ ಹೊರಬಿದ್ದದ್ದಿಲ್ಲ. ಇವತ್ತು ಅವರು ಬಾಗಿಲಿಗೆ ಅಡ್ಡ ನಿಂತರು. ಗಡ್ಡ ಬೆಳೆದಿತ್ತು. ಯಾವಾಗಲೂ ತಿದ್ದಿ ತೀಡಿದ ಗಂಧವಿರುತ್ತಿದ್ದ ಹಣೆ ಬೋಳಾಗಿತ್ತು.

ನಿದ್ದೆಗೆಟ್ಟಿದ್ದಾರೆ, ಅಂದುಕೊಂಡಳು ನಿರುಪಮಾ. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ.

"ಏನಮ್ಮಾ, ಫೋನೂ ಮಾಡ್ದೆ? ಕೊರೊನಾ ಎಮರ್ಜೆನ್ಸಿ ಇರುವಾಗ ಯಾಕೆ ಓಡಾಡ್ತೀರಿ?"

"ಅಂಕಲ್, ಲಾಸ್ಯಾ ಕಳಿಸಿದ ಪ್ರಸಾದ ಬಂತಾ?"

ಅವರ ಕಣ್ಣು ಒಮ್ಮೆ ಒಳಗೆ ಹೋಗಿ ಬಂತು. "ಬಂತು. ಥ್ಯಾಂಕ್ಸ್ ಹೇಳ್ಬೇಕಿತ್ತು. ಮರೆತೆ."

"ತಿಂದ್ರಾ?"

"ಇದೇನು, ಪ್ರಸಾದಕ್ಕೂ ಫೀಡ್‌ಬ್ಯಾಕ್ ಕೇಳೋಕೆ ಶುರು ಮಾಡಿದ್ಯಾ?"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. "ಆ ಡಬ್ಬಿ ಮೇಲೆ ಒಂದು ನಂಬರಿತ್ತು ಅಂಕಲ್. ಅದು ನಿಮಗೊಬ್ಬರಿಗೇ ಕಳಿಸಿದ ನಂಬರು. ಇವತ್ತು ಮಧ್ಯಾಹ್ನ ಅದಕ್ಕೆ ಪರಿಹಾರದ ಕಂಪನಿಯಿಂದ ಕಾಲ್ ಬಂತು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ಇನ್ನಷ್ಟು ನೆಟ್ಟಗಾದರು.

"ನನ್ನ ಮನೆ ಬಾಗಿಲಿಗೆ ಬಂದು ನನ್ನನ್ನ ಕಳ್ಳ ಅಂತಿದ್ದೀಯಾ?"

"ಸರ್, ಹಾಗಲ್ಲ..." ಎಂದ ಶಿವಾನಂದ.

"ನೀನು ಸುಮ್ನಿರಪ್ಪಾ. ಅವಳು ಮಾತಾಡ್ತಿದ್ದಾಳೆ, ಮಾತಾಡ್ಲಿ."

"ಡಬ್ಬಿ ತೋರಿಸಿ," ಎಂದಳು ನಿರುಪಮಾ. "ಅಷ್ಟೇ ಸಾಕು."

"ಇಲ್ಲ."

"ಖಾಲಿ ಡಬ್ಬಿ ಆದ್ರೂ?"

"ಮನೇಲಿಲ್ಲ ಅಂದ್ನಲ್ಲ."

"ತಿಂದೂ ಇಲ್ಲ, ಇಟ್ಕೊಂಡೂ ಇಲ್ಲ. ಪ್ರಸಾದನ ಏನು ಮಾಡಿದ್ರಿ ಅಂಕಲ್? ಕಸಕ್ಕೆ ಹಾಕಿದ್ರಾ?"

ಅವರ ಭುಜದ ಪಕ್ಕದಿಂದ ನಿರುಪಮಾಳಿಗೆ ಒಳಗಿನ ದೇವರ ಗೂಡು ಕಾಣುತ್ತಿತ್ತು. ಸಂಜೆಯಾಗಿತ್ತು, ದೀಪ ಹಚ್ಚಿರಲಿಲ್ಲ. ಹೂವು ಯಾವತ್ತಿನದೋ, ಒಣಗಿ ಕಂದಾಗಿತ್ತು. ಗಡ್ಡ, ಬೋಳು ಹಣೆ, ಈಗ ಈ ದೀಪ. ಮೂರೂ ಒಟ್ಟಾಗಿ ಬೇರೇನೋ ಹೇಳುತ್ತಿದ್ದವು, ಅವಳು ಬಂದ ದಾರಿಗೆ ಪೂರ್ತಿ ಅಡ್ಡವಾಗಿ.

"ಹೇಳ್ಬಿಡಿ ಅಂದ್ರೆ," ಒಳಗಿನಿಂದ ಅವರ ಹೆಂಡತಿ ಮಾಲತಿ ಬಂದರು. ಕಣ್ಣು ಊದಿಕೊಂಡಿತ್ತು. "ಮಕ್ಕಳ ಮುಂದೆ ಎಂಥ ಬಿಗುಮಾನ."

ಚಂದ್ರಮೋಹನ್ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡರು.

"ಅಣ್ಣ ಹೋದ," ಎಂದರು. "ಮೈಸೂರಲ್ಲಿ. ಹೋದ ವಾರ."

ಶಿವಾನಂದನ ಕೈ ತಾನಾಗಿ ಎದೆಗೆ ಬಂತು.

"ಟಿಕೆಟ್ ಇಲ್ಲ, ಹೋದ್ರೆ ವಾಪಸ್ ಬರೋದು ಗ್ಯಾರಂಟಿ ಇಲ್ಲ. ಅಣ್ಣನ ಮಗ ಫೋನ್ ಹಿಡ್ಕೊಂಡು ತೋರಿಸಿದ. ನಾನು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಒದ್ದೆ ಪಂಚೆ ಉಟ್ಕೊಂಡು ನಿಂತಿದ್ದೆ. ಮಧ್ಯದಲ್ಲಿ ಪಿಕ್ಚರ್ ನಿಂತೋಯ್ತು. ಅಣ್ಣನ ಪಾದ ಮಾತ್ರ ಕಾಣ್ತಿತ್ತು." ಅವರು ಕೆಮ್ಮಿದರು. "ಈ ವರ್ಷ ಬಳಗದಲ್ಲಿ ಎಷ್ಟು ಮನೇಲಿ ಹೀಗಾಯ್ತು, ಎಲ್ರಿಗೂ ಫೋನ್ ಮಾಡಿ ಧೈರ್ಯ ಹೇಳ್ದೋನು ನಾನು. ನನ್ನನ್ನ ಯಾರೂ ಅಯ್ಯೋ ಅನ್ನೋದು ನನಗೆ ಬೇಕಾಗಿರ್ಲಿಲ್ಲ. ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ನಿರುಪಮಾ ಒಂದು ಹೆಜ್ಜೆ ಹಿಂದೆ ಸರಿದಳು. "ಸೂತಕ," ಎಂದಳು.

"ಹೂಂ ಮತ್ತೆ," ಎಂದರು ಮಾಲತಿ. "ಸೂತಕದ ಮನೆಗೆ ಸತ್ಯನಾರಾಯಣನ ಪ್ರಸಾದ ಬಂದು ಕೂತ್ರೆ ಏನ್ಮಾಡ್ಲಿ? ತಿನ್ನೋ ಹಾಗಿಲ್ಲ, ಬಿಸಾಡೋ ಹಾಗಿಲ್ಲ. ಮುಟ್ಟೋಕೂ ಭಯ. ಕೊರಿಯರ್ ಹುಡುಗ ಇಟ್ಟ ಜಾಗದಲ್ಲೇ, ಚಪ್ಪಲಿ ಗೂಡಿನ ಮೇಲೆ, ಹಾಗೇ ಬಿಟ್ಟಿದ್ದೆ."

"ಬಿಳಿ ಡಬ್ಬಿ ತಾನೇ ಆಂಟಿ?" ಎಂದ ಶಿವಾನಂದ, ಮಾತನ್ನು ಬೇರೆಡೆ ತಿರುಗಿಸಲೆಂಬಂತೆ. "ಕೆಡ್ತಿರ್ಲಿಲ್ಲ ಅದು. ಪಕ್ಕದ ಮನೆ ಅಜ್ಜಿ ಒಣಗಿಸಿದ ಕಾಕಿ ಹಣ್ಣು ಕೊಟ್ಟಿದ್ರು. ದ್ರಾಕ್ಷಿ ಬದ್ಲು ಅದನ್ನೇ ಹೆಚ್ಚಿ ಹಾಕಿದ್ಲು ಲಾಸ್ಯಾ. ಸಪಾದಕ್ಕೆ ಕಾಕಿ ಹಣ್ಣು ಹಾಕಿದ ಮೊದಲ ಕನ್ನಡತಿ ನಾನೇ ಅಂತ ಜಂಬ ಅವಳಿಗೆ."

ನಿರುಪಮಾಳ ನಾಲಿಗೆ ದವಡೆಯ ಹಲ್ಲಿನ ಬಳಿ ನಿಂತಿತು.

ನಾರು ಬಿಡಿಸಿಕೊಂಡು ಬಂತು. ಸಣ್ಣದು, ಅಂಟಂಟು, ಸಿಹಿ.

"ಆಂಟಿ," ಎಂದಳು. "ಡಬ್ಬಿ ಈಗ ಎಲ್ಲಿದೆ?"

ಮಾಲತಿ ಅವಳನ್ನು ವಿಚಿತ್ರವಾಗಿ ನೋಡಿದರು.

"ಇದೇನೇ ಹೀಗೆ ಕೇಳ್ತೀಯ? ನಿನ್ನೆ ಜೂಮ್ ಸರಿ ಮಾಡಿಕೊಡೋಕೆ ಮಧುಕರ ಬಂದಿದ್ನಲ್ಲ, ಅವನ ಕೈಗೇ ಕೊಟ್ಟೆ. ನೀನೇ ತಿಂದಿರ್ತೀಯ ಅಂದ್ಕೊಂಡಿದ್ದೆ."

ಕೆಳಗಿನ ರಸ್ತೆಯಲ್ಲಿ ಸುಟ್ಟ ಗೆಣಸು ಮಾರುವ ಗಾಡಿ ತನ್ನ ರಾಗ ಹಾಡಿಕೊಂಡು ಹಾದುಹೋಯಿತು.

"ನನ್ನ ವಿಷಯ ನಿಂಗೂ ಹೇಳ್ಬಾರ್ದು ಅಂತ ಅವನ ಹತ್ರ ಮಾತು ತಗೊಂಡಿದ್ದೆ," ಎಂದರು ಚಂದ್ರಮೋಹನ್, ಈಗ ಮೆತ್ತಗೆ. "ಹುಡುಗ ಮಾತು ಉಳಿಸ್ಕೊಂಡಿದ್ದಾನೆ."

ನಿರುಪಮಾ ಸೊಂಟ ಬಗ್ಗಿಸಿ, ಜಪಾನಿನವರಂತೆ ದೀರ್ಘವಾಗಿ, ಅವರಿಬ್ಬರಿಗೂ ತಲೆಬಾಗಿದಳು.

ಮೆಟ್ಟಿಲಿಳಿಯುವಾಗ ಶಿವಾನಂದ ಅವಳ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ನಾನು ಸ್ವಲ್ಪ ಹೊತ್ತು ಇಲ್ಲೇ ನಡೀತೀನಿ," ಎಂದ. "ನಾಳೆ ಹಿರಾಬಾಯಾಶಿ ಸೆನ್ಸೇ ಮುಂದೆ ಹೆಸರು ನೀವೇ ಹೇಳಿ. ನಾನು ಹೇಳಲ್ಲ."

"ಹೇಳ್ತೀನಿ," ಎಂದಳು. "ಯಾರದ್ದೇ ಆಗಿದ್ರೂ."

*

ಇಮಾಯಿಕೆಯ ತನ್ನ ಮನೆಯ ಬಾಗಿಲಿಗೆ ಅವಳು ಕೀ ಹಾಕುವ ಮೊದಲೇ ಅದು ತೆರೆಯಿತು.

ಮಧುಕರ ನಿಂತಿದ್ದ. ಹೆಡ್‌ಸೆಟ್ಟು ಕೊರಳಲ್ಲಿ ಜೋತಿತ್ತು. ಒಳಗಿನಿಂದ ಡಿಕಾಕ್ಷನ್ನಿನ ವಾಸನೆ.

"ಬಂದ್ಯಾ? ಈಗಲೇ ಏನೂ ಡಿಸೈಡ್ ಮಾಡ್ಬೇಡ. ಒಂದು ಕಾಫಿ ಕುಡಿ. ಆಮೇಲೆ ನೋಡೋಣ."

ಮಧ್ಯಾಹ್ನದ ಆ ಹಿತ ಯಾಕೆ ಹುಟ್ಟಿತ್ತೆಂದು ಅವಳಿಗೆ ಈಗ ತಿಳಿಯಿತು. ಆರು ವರ್ಷದಿಂದ, ಎಂಥ ಜಗಳದ ನಡುವೆಯೂ, ಇವನು ಹೇಳುತ್ತಿದ್ದ ಮಾತದು.

"ಆ ಹೆಂಗಸಿಗೆ ಈ ಮಾತು ಹೇಳಿಕೊಟ್ಟಿದ್ದು ನೀನು," ಎಂದಳು.

"ಹೂಂ. ಎಲ್ಲರ ಸ್ಕ್ರಿಪ್ಟೂ ನಾನೇ ಬರೆಯೋದು." ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ನಿನ್ನ ಆ ಎರಡನೇ ಫೋನು ಬ್ಯಾಗಲ್ಲೇ ಇದೆಯಾ?"

ಅವಳು ಹೊಸ್ತಿಲಲ್ಲೇ ನಿಂತಳು. ಟೆಸ್ಟಿಂಗ್ ಫೋನಿನ ವಿಷಯ ಇವನಿಗೆ ಗೊತ್ತಿರಬಾರದಿತ್ತು.

"ಡಬ್ಬಿ ಮೇಲಿನ ನಂಬರು ನೋಡಿದ ಕೂಡ್ಲೇ ಗೊತ್ತಾಯ್ತು ನಿರೂ. ಹೋದ ತಿಂಗಳು ನಿನ್ನ ಫೋನ್ ಸತ್ತೋದಾಗ ನೀನು ಆ ನಂಬರಿಂದಲೇ ನಂಗೆ ಕಾಲ್ ಮಾಡಿದ್ದೆ. ಶಿವಾನಂದನ ಪ್ರಸಾದದ ಮೇಲೆ ನಿನ್ನ ಆಫೀಸಿನ ನಂಬರು ಯಾಕಿರತ್ತೆ? ಬಲೆ ಅಂತ ಆಗ್ಲೇ ತಿಳೀತು."

"ತಿಳಿದೂ ಅದನ್ನ ಕಂಪನಿಗೆ ಕೊಟ್ಟೆ."

"ನೀನು ಹುಡುಕಿಕೊಂಡು ಬರ್ಲಿ ಅಂತ ಕೊಟ್ಟೆ. ಕಸ್ಟಮರ್ ಸಪೋರ್ಟು ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿದ್ದೀಯ. ನಿನ್ನ ಮುಂದೆ ನಿಂತು, ನಾನು ಮಾಡ್ತಿರೋದು ಇದು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನೀನು ಹಿಡೀತೀಯ ಅಂತ ಗೊತ್ತಿತ್ತು." ಅವನು ಸ್ವಲ್ಪ ನಕ್ಕ. "ಒಂದೇ ದಿನದಲ್ಲಿ ಹಿಡಿದೆ."

ಆ ಮಾತಿನಲ್ಲಿ ನಿಜವಾದ ಹೆಮ್ಮೆ ಇತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

"ಪೂಜೆಯಲ್ಲಿ ಕೇಳಿಸ್ಕೊಂಡು ಶಿವಾನಂದನ ಹೆಸರು ಮಾರಿದೆ."

"ಇಲ್ಲ! ಪೂಜೆ ಟೈಮಲ್ಲಿ ನಾನು ಹಾಡು ಹುಡುಕ್ತಾ ಇದ್ದೆ ಕಣೇ, ಸಂಕಲ್ಪ ಯಾರು ಕೇಳ್ತಾರೆ? ಅವನ ಹೆಸರು ನಮಗೆ ಬಂದಿದ್ದು ಹಿರಾಬಾಯಾಶಿ ಆಫೀಸಿಂದ. ಈ ವಾರ ನನ್ನ ಕಣ್ಣಿಗೆ ಬಿತ್ತು." ಮಧುಕರನ ದನಿ ತಗ್ಗಿತು. "ಹೊರಗಿನವರಿಗೆ ವಿಷಯ ಗೊತ್ತಾಗಿದೆ ಅಂತ ಅವರು ಅಂದ್ರಲ್ಲ, ಅವರಿಗೆ ಅದು ಹೇಗೆ ಗೊತ್ತಾಯ್ತು ಅಂತ ನೀನು ಕೇಳ್ಕೊಂಡ್ಯಾ?"

ಕೇಳಿಕೊಂಡಿರಲಿಲ್ಲ. ಎಲ್ಲರ ತಪ್ಪು ಹುಡುಕುವವಳಿಗೆ ಆ ಒಂದು ವಾಕ್ಯದೊಳಗೆ ಕೈಹಾಕಿ ನೋಡಲು ತೋಚಿರಲಿಲ್ಲ.

"ಫೀಸು, ಕೇಸು ಎಲ್ಲಾ ನೆಪ. ಐದು ಹೆಸರಲ್ಲಿ ಫೋನ್ ಮಾಡೋದು ನಮ್ಮದೊಂದೇ ಆಫೀಸು. ವಕೀಲರಿಗೆ ಬೇಕಾಗಿರೋದು ಅವನ ಬಾಯಿಂದ ಒಂದು ಮಾತು, ರೆಕಾರ್ಡಲ್ಲಿ. ಒಪ್ಪಂದದಲ್ಲಿ ಏನಿದೆ ಅಂತ ಅವನೇ ಹೊರಗಿನವರಿಗೆ ಹೇಳ್ಬೇಕು. ಆಗ ಎಲ್ಲಾ ರದ್ದು. ಇಷ್ಟು ದಿನ ಆ ಮನುಷ್ಯ ಒಂದಕ್ಷರ ಬಿಟ್ಟಿರ್ಲಿಲ್ಲ. ಇವತ್ತೂ ಏನೂ ಹೇಳಿಲ್ಲ ತಾನೇ?"

ಸೆನ್ಸರ್ ಯಾರು ಆಫ್ ಮಾಡಿದ್ರು ಅಂತ ಅವರ ಕೈಯಲ್ಲೇ ಬರೆಸಿದ್ದೀನಿ. ಸೊಂಟ ಬಗ್ಗಿಸಿ ನಿಂತಿದ್ದ. ಮತ್ತೆ ಆ ಚೀಟಿ, ಅವಳದೇ ಅಕ್ಷರ: ಮಾತಾಡ್ತಾ ಇರಿ.

"ಹೇಳಿದ," ಎಂದಳು. "ಎಲ್ಲಾನೂ ಹೇಳಿದ. ನಾನೇ ಹೇಳಿಸಿದೆ."

ಮಧುಕರನ ಮುಖ ಬಿಳಿಚಿತು. ಆದರೂ ತಲೆಯಾಡಿಸಿದ. "ಪರವಾಗಿಲ್ಲ. ರೆಕಾರ್ಡಿಂಗು ಮೊದಲು ನನ್ನ ಹತ್ರ ಬರತ್ತೆ. ನಾನು ಕೇಳಿ ಕಳಿಸಿದ್ರೆ ಮಾತ್ರ ವಕೀಲರಿಗೆ ಹೋಗೋದು. ಇವತ್ತಿನದ್ದು ನಾನು ಮುಟ್ಟೇ ಇಲ್ಲ. ಮುಟ್ಟೋದೂ ಇಲ್ಲ. ಬಾ, ನೋಡು."

ಅವನು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ.

ಶಿವಾನಂದನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅದರ ಪಕ್ಕದಲ್ಲಿ ಒಂದು ಹಸಿರು ಗುರುತು. 'ಕಳುಹಿಸಲಾಗಿದೆ.' ಅವಳು ಚಂದ್ರಮೋಹನ್ ಅವರ ಬಾಗಿಲಲ್ಲಿ ನಿಂತು ಖಾಲಿ ಡಬ್ಬಿ ಕೇಳುತ್ತಿದ್ದ ಹೊತ್ತಿಗೆ ಅದು ಹೋಗಿತ್ತು. ಕಳುಹಿಸಿದವರ ಜಾಗದಲ್ಲಿ ಮಧುಕರನದೇ ಹೆಸರು.

"ನಾನು ಕಳಿಸಿಲ್ಲ," ಎಂದ ಮಧುಕರ. ಪರದೆಯನ್ನು ಮುಟ್ಟಿ ನೋಡಿದ, ಅಕ್ಷರಗಳು ಒದ್ದೆಯೇನೋ ಎಂಬಂತೆ. "ನಿರೂ, ಆಣೆ ಮಾಡ್ತೀನಿ, ನಾನು ಕಳಿಸಿಲ್ಲ."

ಅವಳು ಪರದೆಯನ್ನು ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದಳು. ಬೆಳಿಗ್ಗೆ ಇದೇ ಮುಖ, ನಾನೇ ಮಾಡಿದ್ದು, ಹೇಗಿದೆ ಎಂದು ಕೇಳುತ್ತಾ ತಟ್ಟೆ ಮುಂದಿಟ್ಟಿತ್ತು. ಆಗಲೂ ಅವಳು ನಂಬಿದ್ದಳು.

ಬ್ಯಾಗಿನಲ್ಲಿ ಅವಳ ಸ್ವಂತ ಫೋನು ಬಡಿದುಕೊಂಡಿತು. ಶಿವಾನಂದ.

"ನಿರುಪಮಾ, ಹಿರಾಬಾಯಾಶಿ ಸೆನ್ಸೇ ಈಗ ತಾನೇ ಮೇಲ್ ಕಳಿಸಿದ್ರು. ನಾಳೆ ತನಕ ಕಾಯೋದು ಬೇಡ, ಇವತ್ತೇ ಮುಗಿಸೋಣ ಅಂತ ಬರೆದಿದ್ದಾರೆ. ಇಲ್ಲೇ ಹತ್ರ ಇದ್ನಲ್ಲ, ಬಂದ್ಬಿಟ್ಟೆ. ಲಿಫ್ಟಲ್ಲಿದ್ದೀನಿ." ಅವನ ದನಿ ಸ್ಥಿರವಾಗಿತ್ತು, ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಹೊರಟವನಂತೆ. "ತಪ್ಪು ಮಾಡಿದೋರು ಯಾರು ಅಂತ ನಮಗೆ ಗೊತ್ತಿದೆ, ನಾನು ತಲೆ ತಗ್ಗಿಸೋ ಹಾಗಿಲ್ಲ. ಕೇಳಿದ್ರೆ ಯಾರ ಹೆಸರು ಹೇಳ್ಲಿ?"

"ಶಿವಾನಂದ್, ಒಳಗೆ ಹೋಗ್ಬೇಡಿ. ಕೇಳಿ..."

"ಕಟ್ ಆಗ್ತಿದೆ. ಹಲೋ? ಯಾರ ಹೆಸರು?"

ಆಮೇಲೆ ಲಿಫ್ಟಿನ ಬಾಗಿಲು ತೆರೆಯುವ ಗಂಟೆ, ಯಾರೋ ಬಹಳ ವಿನಯದಿಂದ ಅವನನ್ನು ಸ್ವಾಗತಿಸುವ ದನಿ. ಕರೆ ಕಡಿದುಹೋಯಿತು.